ಮಾವನವರ ಮೈಲೇಜು

ಹೋದ ತಿಂಗಳು ವಿಜಯನಗರದ ಪೆಟ್ರೋಲ್ ಬಂಕಿನಲ್ಲಿ ನಮ್ಮ ಮುಂದೆ ಒಂದು ಹಳೆಯ ಸಣ್ಣ ಕಾರು ನಿಂತಿತ್ತು. ಅದರ ಯಜಮಾನ ಪೆಟ್ರೋಲ್ ಹಾಕಿಸುತ್ತಾ, ಎರಡೂ ಕೈಯಲ್ಲಿ ಡಿಕ್ಕಿ ಹಿಡಿದು ಗಾಡಿಯನ್ನು ಅಲ್ಲಾಡಿಸುತ್ತಿದ್ದ. ಟ್ಯಾಂಕಿನೊಳಗಿನ ಗಾಳಿ ಹೊರಗೆ ಹೋಗಿ ಇನ್ನೊಂದಿಷ್ಟು ಪೆಟ್ರೋಲ್ ಹಿಡಿಯಲಿ ಅಂತ. ತುಳುಕಿದ ಪೆಟ್ರೋಲ್ ನೆಲಕ್ಕೆ ಚೆಲ್ಲಿ ಅದರ ಘಾಟು ನಮ್ಮ ಕಿಟಕಿಯೊಳಗೆ ಬಂತು. "ನೋಡೇ, ನಮ್ಮಪ್ಪನ ಥರಾನೇ," ಅಂತ ನಮ್ಮ ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ. ಕಿಟಕಿ ಏರಿಸಿ ಆ ಕಡೆ ಮುಖ ಮಾಡಿ ಕೂತೆ.

ಹೋದವರ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಅಂತ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಹೇಳುವವರು ಯಾರೂ ನಮ್ಮ ಮಾವನವರ ಕಾರಿನಲ್ಲಿ ಕೂತವರಲ್ಲ.

ನಾನು ಮೈಸೂರಿನ ಕೃಷ್ಣಮೂರ್ತಿಪುರಂನ ಆ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮಧ್ಯದಲ್ಲಿ. ಮಾವನವರು ಆಗಷ್ಟೇ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಿಂದ ರಿಟೈರ್ ಆಗಿದ್ದರು. ಬಂದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಬಿಳಿ ಬಣ್ಣ, ಚಿಕ್ಕದು, ಅದಾಗಲೇ ಇಬ್ಬರು ಓಡಿಸಿ ಸುಸ್ತು ಮಾಡಿದ್ದ ಗಾಡಿ. ಅದಕ್ಕೆ ಅವರು ಮಾಡುತ್ತಿದ್ದ ಉಪಚಾರವನ್ನು ನೋಡಬೇಕಿತ್ತು. ನನ್ನ ಬಾಣಂತನದಲ್ಲಿ ನನಗೂ ಅಷ್ಟು ಉಪಚಾರ ಆಗಿರಲಿಲ್ಲ.

ಅವರಿಗೆ ಇದ್ದದ್ದು ಒಂದೇ ಹುಚ್ಚು, ಲೀಟರಿಗೆ ಎಷ್ಟು ಕೊಡುತ್ತೆ ಅನ್ನುವುದು. ಮೊದಲು ಟ್ಯಾಂಕನ್ನು ಕುತ್ತಿಗೆಯ ತನಕ ತುಂಬಿಸುವುದು, ಗಾಡಿ ಓಡಿಸುವುದು, ಮತ್ತೆ ಅದೇ ಬಂಕಿಗೆ ಬಂದು ಕುತ್ತಿಗೆಯ ತನಕ ತುಂಬಿಸುವುದು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಗಿದೆ ಅಂತ ಲೆಕ್ಕ. ಎರಡು ಸಲವೂ ಒಂದೇ ಮಟ್ಟಕ್ಕೆ ತುಂಬದಿದ್ದರೆ ಲೆಕ್ಕ ತಪ್ಪುತ್ತದಲ್ಲ, ಅದಕ್ಕೇ ಈ ಅಲ್ಲಾಡಿಸುವ ಸೇವೆ. ಅವರು ಪೆಟ್ರೋಲ್ ಪೈಪಿನ ಹತ್ತಿರ ಬಗ್ಗಿ ಟ್ಯಾಂಕಿನ ಬಾಯಿ ನೋಡುತ್ತಿದ್ದರು. ನಮ್ಮ ಅತ್ತೆ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ಬಂಕಿನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ, ಕಾರು ಅಲ್ಲಾಡಿಸುತ್ತಿದ್ದರು. "ಇನ್ನೊಂಚೂರು ಕಣೇ, ಇನ್ನೊಂಚೂರು," ಅಂತ ಮಾವ. ಅತ್ತೆ ನಗುತ್ತಲೇ ಮಾಡುತ್ತಿದ್ದರು. ದಪ್ಪ ಮೈಯ, ದೊಡ್ಡ ನಗುವಿನ ಹೆಂಗಸು. "ಮದುವೇಲಿ ತೊಟ್ಟಿಲು ತೂಗ್ತೀಯ ಅಂತ ಆಶೀರ್ವಾದ ಮಾಡಿದ್ರು ಕಣಮ್ಮ, ಇದನ್ನ ತೂಗ್ತೀಯ ಅಂತ ಯಾರೂ ಹೇಳಿರಲಿಲ್ಲ," ಅನ್ನುತ್ತಿದ್ದರು.

ಇನ್ನೂ ಏನೇನು ಕಟ್ಟಳೆಗಳೋ... ಸ್ಟೆಪ್ನಿ ಟೈರು ತೂಕ ಅಂತ ಅದನ್ನು ಬಚ್ಚಲಿನ ಪಕ್ಕ ಇಳಿಸಿಟ್ಟಿದ್ದರು. ಎಂಥ ಬಿಸಿಲಿರಲಿ, ಕಿಟಕಿ ತೆಗೆಯುವ ಹಾಗಿಲ್ಲ, ಗಾಳಿ ಒಳಗೆ ನುಗ್ಗಿದರೆ ಗಾಡಿ ಎಳೆಯಲ್ಲವಂತೆ. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಆಕ್ಸಿಲರೇಟರ್ ಒತ್ತುತ್ತಿದ್ದರು, ಚಪ್ಪಲಿ ಹಾಕಿದರೆ ಪಾದಕ್ಕೆ ಹದ ತಿಳಿಯುವುದಿಲ್ಲವಂತೆ. ಗಾಡಿ ನಲವತ್ತರ ಮೇಲೆ ಒಂದು ಗೆರೆಯೂ ಹೋಗುವಂತಿಲ್ಲ. ಇಳಿಜಾರು ಕಂಡ ಕೂಡಲೇ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿಬಿಡುತ್ತಿದ್ದರು, ಗಾಡಿ ಪುಕ್ಕಟೆ ಉರುಳಲಿ ಅಂತ. ಚಾಮುಂಡಿ ಬೆಟ್ಟಕ್ಕೆ ಹೊರಟರೆ ಪಾದದಲ್ಲೇ ನನ್ನನ್ನೂ ಅತ್ತೆಯನ್ನೂ ಇಳಿಸುತ್ತಿದ್ದರು. ಏರಿನಲ್ಲಿ ಲೋಡ್ ಜಾಸ್ತಿ. "ಮೆಟ್ಲು ಹತ್ಕೊಂಡು ಬನ್ನಿ, ಪುಣ್ಯ ಬರುತ್ತೆ," ಅಂತ ಹೇಳಿ ತಾವು ಕಾರಿನಲ್ಲಿ ಜುಮ್ಮನೆ ಹೋಗಿಬಿಡುತ್ತಿದ್ದರು. ನಾವು ಏದುಸಿರು ಬಿಡುತ್ತಾ ನಂದಿಯ ತನಕ ಹತ್ತಿ ಕೂತಾಗ, ಅತ್ತೆ ಮಂಡಿ ಉಜ್ಜಿಕೊಳ್ಳುತ್ತಾ, "ಎಲ್ಲಾ ಪುಣ್ಯ ನಮಗೇ ಬುಟ್ಬುಟ್ಟವ್ರೆ, ಪಾಪ," ಅಂತ ನನ್ನನ್ನು ನಗಿಸುತ್ತಿದ್ದರು.

ದುಡ್ಡಿಗಾಗಿ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಕೈ ಬಿಗಿಯ ಮನುಷ್ಯರಲ್ಲ ಅವರು. ನೆಂಟರ ಮಕ್ಕಳ ಫೀಸು ಕಟ್ಟಿದವರು, ಹಬ್ಬಕ್ಕೆ ನನಗೂ ಅತ್ತೆಗೂ ಒಂದೇ ಬೆಲೆಯ ಸೀರೆ ತಂದವರು. ಅವರಿಗೆ ಬೇಕಿದ್ದದ್ದು ಆ ಸಂಖ್ಯೆ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ರಿಟೈರ್ ಆದ ಗಂಡಸರೆಲ್ಲ ಸೇರುತ್ತಿದ್ದರು. ಅಲ್ಲಿ ಒಬ್ಬರು ಹದಿನಾರು ಅಂದರೆ, ಇನ್ನೊಬ್ಬರು ಹದಿನೇಳು ಅಂದರೆ, ಮಾವ ಕಡೆಯಲ್ಲಿ ಬಾಯಿ ಬಿಟ್ಟು ಇಪ್ಪತ್ತು ಅನ್ನಬೇಕು. ಎಲ್ಲರೂ ಹುಬ್ಬೇರಿಸಬೇಕು. ಅಷ್ಟು ಸಾಕಿತ್ತು ಅವರಿಗೆ. ಉದಯಗಿರಿಯಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ, ಪೆಟ್ರೋಲ್ ಕಮ್ಮಿ ಬರೋ ಹಾಗೆ ಕಾರ್ಬುರೇಟರನ್ನು ಬಿಗಿ ಮಾಡಿಸಿಕೊಂಡು ಬರುತ್ತಿದ್ದರು. ಸಾಲದು ಅನ್ನಿಸಿದರೆ ಮನೆಯಲ್ಲಿ ತಾವೇ ಸ್ಕ್ರೂಡ್ರೈವರ್ ಹಿಡಿದು ಇನ್ನೊಂದು ಸುತ್ತು ಬಿಗಿಯುತ್ತಿದ್ದರು. ಗಾಡಿ ಬಿಸಿಯಾದರೆ ಕೆಮ್ಮಿ ಕೆಮ್ಮಿ ನಿಂತುಹೋಗುತ್ತಿತ್ತು. ಆದರೂ ಸುತ್ತು ಸಡಿಲ ಮಾಡುತ್ತಿರಲಿಲ್ಲ. ನಮ್ಮ ಮನೆಯವರಿಗೆ ಹೇಳಿದರೆ, "ಅಪ್ಪ ಅಷ್ಟೇ, ಬಿಡು," ಅನ್ನುತ್ತಿದ್ದರು. ಆ ಮನೆಯಲ್ಲಿ ಎಲ್ಲದಕ್ಕೂ ಅದೊಂದೇ ಉತ್ತರ.

ಆಗೆಲ್ಲ ನಮಗೂ ಅದು ತಮಾಷೆಯೇ ಆಗಿತ್ತು. ನೆಂಟರ ಮನೆಗಳಲ್ಲಿ ಹೇಳಿಕೊಂಡು ನಗುವುದಕ್ಕೆ ಒಂದು ಕತೆ. ದೊಡ್ಡತ್ತೆ ಹೋದ ದಿನದ ತನಕ...

ದೊಡ್ಡತ್ತೆ ಅಂದರೆ ನಮ್ಮ ಅತ್ತೆಯ ಅಕ್ಕ. ನಂಜನಗೂಡಿನಲ್ಲಿ ಒಬ್ಬರೇ ಇದ್ದರು, ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅತ್ತೆಗೆ ತಾಯಿಯ ಮುಖ ನೆನಪಿಲ್ಲ. ತಲೆ ಬಾಚಿದ್ದು, ಊಟ ಹಾಕಿದ್ದು, ಮದುವೆಯಲ್ಲಿ ಕೈ ಹಿಡಿದು ಹಸೆಮಣೆಗೆ ಕರೆತಂದದ್ದು ಎಲ್ಲವೂ ಈ ಅಕ್ಕನೇ. ಇಬ್ಬರೂ ಸೇರಿದಾಗ ಒಂದು ಮಾತು ತಪ್ಪದೆ ಬರುತ್ತಿತ್ತು. "ನನಗ್ಯಾರಿದಾರೆ? ಕೊನೇ ಗಳಿಗೇಲಿ ನೀನು ಬಂದು ಬಾಯಿಗೆ ನೀರು ಬುಡ್ಬೇಕು ಕಣೇ, ಇನ್ಯಾರ ಕೈಯಿಂದಾನೂ ಬೇಡ ನಂಗೆ," ಅನ್ನುತ್ತಿದ್ದರು ದೊಡ್ಡತ್ತೆ. "ಬುಡ್ತೀನಿ, ಸುಮ್ನಿರು," ಅನ್ನುತ್ತಿದ್ದರು ಅತ್ತೆ. ನೂರು ಸಲ ಕೇಳಿದ್ದೇನೆ ನಾನು ಈ ಮಾತನ್ನು.

ಅವತ್ತು ತಿಂಡಿ ಮುಗಿದಿತ್ತು, ನಮ್ಮ ಮನೆಯವರು ಆಫೀಸಿಗೆ ಹೋಗಿಯಾಗಿತ್ತು. ದೊಡ್ಡತ್ತೆಯ ಪಕ್ಕದ ಮನೆಯಾಕೆ ಫೋನ್ ಮಾಡಿದರು. ಡಾಕ್ಟರು ಬಂದು ನೋಡಿ ಕೈಚೆಲ್ಲಿದ್ದಾರೆ, ಮಾತು ಇದೆ, ಆದರೆ ಮೇಲುಸಿರು ಬಿಡುತ್ತಿದ್ದಾರೆ, ತಂಗಿಯನ್ನೇ ಕೇಳುತ್ತಿದ್ದಾರೆ, ಬೇಗ ಬನ್ನಿ ಅಂತ. ಅತ್ತೆ ಅಳಲಿಲ್ಲ. ದೇವರ ಮನೆಗೆ ಹೋಗಿ, ಕಾಶಿಯಿಂದ ತಂದಿದ್ದ ಗಂಗೆಯ ಪುಟ್ಟ ತಾಮ್ರದ ಗಿಂಡಿ ತೆಗೆದುಕೊಂಡರು. ಹಿತ್ತಲಲ್ಲಿ ನಾಲ್ಕು ದಳ ತುಳಸಿ ಕಿತ್ತು ಕರ್ಚೀಫಿನಲ್ಲಿ ಕಟ್ಟಿಕೊಂಡರು. "ನಾನು ಬಸ್ಸಿಗೆ ಹೋಗ್ತೀನಿ ಕಣ್ರೀ, ಸರ್ಕಲ್‌ಗೆ ಹೋದ್ರೆ ತಕ್ಷಣ ಸಿಗುತ್ತೆ," ಅಂದರು.

"ಮನೇಲಿ ಕಾರು ಇಟ್ಕೊಂಡು ಬಸ್ಸಿಗೆ ಹೋಗ್ತಾಳಂತೆ! ಅಲ್ಲಿ ಜನ ಏನಂತಾರೆ?" ಅಂದರು ಮಾವ.

ಆಗ ಅತ್ತೆ ಹೊರಟುಬಿಡಬೇಕಿತ್ತು. ಆದರೆ ಗಂಡನ ಮಾತು ಮೀರಿ ಗೊತ್ತಿಲ್ಲದ ಜೀವ. ಕಾರು ಹತ್ತಿದರು, ಜೊತೆಗೆ ನಾನೂ ಹತ್ತಿದೆ. ಕಾರು ನೇರ ನಂಜನಗೂಡು ರಸ್ತೆ ಹಿಡಿಯುತ್ತೆ ಅಂದುಕೊಂಡರೆ, ಅಯ್ಯೋ ನನ್ನ ಕರ್ಮವೇ, ಬಂಕಿನೊಳಗೆ ತಿರುಗಿತು. ಊರೊಳಗಿನ ಮೈಲೇಜು ಬೇರೆ, ರೋಡಿನ ಮೈಲೇಜು ಬೇರೆ, ಹೆಂಗೂ ಹೋಗ್ತಿದ್ದೀವಿ, ಅದೂ ಒಂದು ಗೊತ್ತಾಗಿಬಿಡಲಿ ಅಂತ! ನಾಲ್ಕೂ ಚಕ್ರಕ್ಕೆ ಗಾಳಿ ಹಿಡಿಸಿದರು. ಟ್ಯಾಂಕ್ ತುಂಬಿಸಿದರು. ಬಂಕಿನ ಹುಡುಗನ ಕೈಯಲ್ಲಿ ಗಾಡಿ ಅಲ್ಲಾಡಿಸಿದರು. ನಾವಿಬ್ಬರೂ ಒಳಗೆ ಕೂತು ಅಲ್ಲಾಡಿದೆವು. "ಬೇಗ ರೀ," ಅಂದರು ಅತ್ತೆ. "ಆಯ್ತು ಕಣೇ, ಇನ್ನೊಂಚೂರು," ಅಂದರು ಅವರು. ನನ್ನ ಮೈಯೆಲ್ಲಾ ಉರಿದುಹೋಯಿತು. ಹೊಸದಾಗಿ ಬಂದ ಸೊಸೆಯೇನಲ್ಲ ನಾನು, ಆದರೂ ಮಾವನವರ ಎದುರು ಬಾಯಿ ಮಾಡುವ ಅಭ್ಯಾಸ ಇನ್ನೂ ಆಗಿರಲಿಲ್ಲ.

ಮುಂದೆ ಅದೇ ನಲವತ್ತು. ಕಿಟಕಿ ಮುಚ್ಚಿದೆ, ಏಪ್ರಿಲ್ ಬಿಸಿಲು, ಮಾವನವರ ಬರಿಗಾಲು ಆಕ್ಸಿಲರೇಟರ್ ಮೇಲೆ. ಅತ್ತೆ ಗಿಂಡಿಯನ್ನು ಮಡಿಲಲ್ಲಿ ಎರಡೂ ಕೈಯಲ್ಲಿ ಹಿಡಿದು ಬೆವರುತ್ತಾ ಕೂತಿದ್ದರು. ಲಾರಿಗಳು ಹಾದುಹೋದವು, ಟೆಂಪೋಗಳು ಹಾದುಹೋದವು. ಆಮೇಲೆ ಹಿಂದಿನಿಂದ ಹಾರ್ನ್ ಹೊಡೆಯುತ್ತಾ ನಂಜನಗೂಡು ಬಸ್ಸು ಬಂತು, ನಮ್ಮನ್ನು ದಾಟಿಕೊಂಡು ಹೋಯಿತು. ಅತ್ತೆ ಕುತ್ತಿಗೆ ಚಾಚಿ ಅದು ಮರೆಯಾಗುವ ತನಕ ನೋಡಿದರು.

"ಸ್ವಲ್ಪ ಜೋರಾಗಿ ಬುಡ್ರೀ..."

"ಅರವತ್ತಕ್ಕೆ ಹೋದ್ರೆ ಎಷ್ಟು ಉಳಿಯುತ್ತೆ ಹೇಳು? ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಏನು ಪ್ರಪಂಚ ಮುಳುಗೋಗುತ್ತಾ?"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಅವರಿಗೆ ನಿಜವಾಗಿಯೂ ಹತ್ತು ನಿಮಿಷ ಅಂದರೆ ಹತ್ತು ನಿಮಿಷ ಅಷ್ಟೇ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು.

ಊರು ಇನ್ನೇನು ಬಂತು ಅನ್ನುವಾಗ ಒಂದು ಇಳಿಜಾರು ಸಿಕ್ಕಿತು. ಮಾವನವರ ಕೈ ತನ್ನಷ್ಟಕ್ಕೆ ಹೋಗಿ ಕೀ ತಿರುಗಿಸಿತು. ಸದ್ದು ನಿಂತು ಗಾಡಿ ಉರುಳಿತು, ಉರುಳಿ ಉರುಳಿ ಕೆಳಗೆ ಮಟ್ಟದ ರಸ್ತೆಗೆ ಬಂದು ನಿಂತಿತು. ಮತ್ತೆ ಕೀ ತಿರುಗಿಸಿದರೆ ಇಂಜಿನ್ ಹಿಡಿಯಲಿಲ್ಲ. ಬಿಸಿಯಾದ ಗಾಡಿ, ಪೆಟ್ರೋಲಿಗೆ ಬಾಯಿ ಕಟ್ಟಿಟ್ಟಿದ್ದ ಗಾಡಿ, ಕೊಯ್ಯ್ ಕೊಯ್ಯ್ ಅಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಮಾವ ಬಾನೆಟ್ ತೆಗೆದು ನೋಡಿದರು, ಮುಚ್ಚಿದರು, ಮತ್ತೆ ತೆಗೆದರು. ಕೈ ಮಾಡಿದರೆ ಯಾವ ಗಾಡಿಯೂ ನಿಲ್ಲಲಿಲ್ಲ. "ಸ್ವಲ್ಪ ತಳ್ಳಿ, ಹತ್ಕೊಳ್ಳುತ್ತೆ," ಅಂದರು.

ತಳ್ಳಿದೆವು. ಗಿಂಡಿಯನ್ನು ಸೆರಗಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾದ ಡಿಕ್ಕಿಗೆ ಅಂಗೈ ಕೊಟ್ಟು ನಮ್ಮ ಅತ್ತೆ ಕಾರು ತಳ್ಳಿದರು. ಅಕ್ಕ ಅಲ್ಲಿ ಹೆಸರು ಹಿಡಿದು ಕರೆಯುತ್ತಿದ್ದಾಳೆ, ತಂಗಿ ಇಲ್ಲಿ ಡಾಂಬರಿನ ಮೇಲೆ ಕಾಲೂರಿ ಕಾರು ತಳ್ಳುತ್ತಿದ್ದಾಳೆ. ಇದನ್ನು ನೆನೆದರೆ... ಇರಲಿ. ಕೊನೆಗೂ ಅದು ಹತ್ತಿಕೊಂಡಿತು, ನಾವು ಹೋದೆವು.

ಬಾಗಿಲಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಫೋನ್ ಮಾಡಿದ್ದ ಪಕ್ಕದ ಮನೆಯಾಕೆ ಎದ್ದು ಬಂದು ಅತ್ತೆಯ ಕೈ ಹಿಡಿದರು. "ಈಗ ತಾನೇ ಕಣಮ್ಮ. ಬಂದ್ಲಾ ಬಂದ್ಲಾ ಅಂತಾನೇ ಇದ್ರು. ತಡೀಲಾರ್ದೆ ನಾನೇ ಎರಡು ಚಮಚ ನೀರು ಬುಟ್ಟೆ. ಮುಖ ತಿರುಗಿಸ್ಬುಟ್ರು."

ಅತ್ತೆ ಅಕ್ಕನ ಪಕ್ಕ ಕೂತರು. ಗಿಂಡಿಯ ಬಿರಡೆ ಕಿತ್ತು, ತುಳಸಿ ದಳ ಅದ್ದಿ, ಮುಚ್ಚಿದ ತುಟಿಗಳ ಮೇಲೆ ಗಂಗೆ ಬಿಟ್ಟರು. ಅದು ಒಳಗೆ ಇಳಿಯಲಿಲ್ಲ, ಕೆನ್ನೆಯಿಂದ ಹರಿದು ಚಾಪೆಗೆ ಹೋಯಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟರು. "ಬಂದೆ ಕಣಕ್ಕ, ಬಾಯಿ ತೆಗಿ," ಅಂದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಜಗಲಿಯಲ್ಲಿ ಮಾವ ತಲೆ ತಗ್ಗಿಸಿ ನಿಂತಿದ್ದರು. ಅವರಿಗೂ ದುಃಖ ಆಗಿತ್ತು, ಇಲ್ಲ ಅನ್ನುವುದಿಲ್ಲ. ಆಮೇಲಿನ ಓಡಾಟವನ್ನೆಲ್ಲ ಅವರೇ ಮುಂದೆ ನಿಂತು ಮಾಡಿದರು.

ಎಲ್ಲ ಮುಗಿಸಿ, ಅಲ್ಲೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಸಂಜೆ ಹೊರಟೆವು. ಮೈಸೂರು ಸೇರುತ್ತಿದ್ದ ಹಾಗೆ ಕಾರು ನಿಧಾನವಾಯಿತು, ಎಡಕ್ಕೆ ತಿರುಗಿತು. ಬೆಳಿಗ್ಗೆಯ ಅದೇ ಬಂಕು. ನಾನು ನಂಬಲಿಲ್ಲ. ಬಾತ್‌ರೂಮಿಗೋ ನೀರಿಗೋ ನಿಲ್ಲಿಸಿದರು ಅಂದುಕೊಂಡೆ. ಅವರು ಟ್ಯಾಂಕಿನ ಮುಚ್ಚಳ ತೆಗೆಸಿ, ಬೆಳಿಗ್ಗೆಯ ಹುಡುಗ ಇಲ್ಲದ್ದನ್ನು ನೋಡಿ, ಕಿಟಕಿಯ ಹತ್ತಿರ ಬಂದು ಬಗ್ಗಿ, ಮೆಲ್ಲಗೆ, ಮಾಮೂಲಿಯಾಗಿ ಹೇಳಿದರು.

"ಸ್ವಲ್ಪ ಇಳಿದು ಅಲ್ಲಾಡ್ಸು ಕಣೇ."

ಅತ್ತೆ ಇಳಿದರು. ಬಾಗಿಲು ಹಾಕಿದರು. ಡಿಕ್ಕಿಯ ಕಡೆ ಹೋಗದೆ ರಸ್ತೆಯ ಕಡೆ ನಡೆದರು. ನಾನೂ ಇಳಿದು ಹಿಂದೆ ಓಡಿದೆ. "ಏಯ್, ಎಲ್ಲಿಗೆ? ಏನಾಯ್ತು?" ಅಂತ ಮಾವ ಕೂಗಿದ್ದು ಕೇಳಿಸಿತು. ಏನಾಯ್ತು ಅಂತ ಆ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲ! ಅತ್ತೆ ತಿರುಗಿ ನೋಡಲಿಲ್ಲ. ಮನೆಯ ತನಕ ನಡೆದೇ ಬಂದೆವು. ದಾರಿಯಲ್ಲಿ ಒಂದೇ ಮಾತು ಆಡಿದರು. "ಇನ್ಮೇಲೆ ನಾನು ಆ ಗಾಡಿ ಹತ್ತಲ್ಲ ಕಣಮ್ಮ. ನಂಗೆ ಯಾರೂ ಹೇಳ್ಬೇಡಿ."

ಹತ್ತಲಿಲ್ಲ. ಜಗಳ ಆಡಲಿಲ್ಲ, ಮಾತು ಬಿಡಲಿಲ್ಲ, ಹೊತ್ತು ಹೊತ್ತಿಗೆ ಕಾಫಿ ಕೊಟ್ಟರು, ಬಿಸಿನೀರು ಕಾಯಿಸಿಟ್ಟರು. ಕಾರು ಮಾತ್ರ ಹತ್ತಲಿಲ್ಲ. ಮದುವೆ ಮುಂಜಿಗಳಿಗೆ ಮಾವ ಕಾರಿನಲ್ಲಿ ಹೋದರೆ ಅವರು ಕೈಚೀಲ ಹಿಡಿದು ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದರು. ಎಷ್ಟೋ ಸಲ ಅವರೇ ಮೊದಲು ಮುಟ್ಟಿ, ಛತ್ರದ ಬಾಗಿಲಲ್ಲಿ ಕೂತು ತಿಂಡಿ ತಿನ್ನುತ್ತಿರುವಾಗ ಮಾವನವರ ಕಾರು ತೆವಳುತ್ತಾ ಬರುತ್ತಿತ್ತು. ಜನ ಕೇಳಿದರೆ ಮಾವ, "ಅವಳಿಗೆ ಹಠ," ಅನ್ನುತ್ತಿದ್ದರು. ಮೊದಮೊದಲು ಬೇಕಂತಲೇ ಕಾರಿನ ಬಾಗಿಲು ತೆಗೆದಿಟ್ಟು ಕಾಯುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ತಪ್ಪಾಯಿತು ಅಂತ ಒಂದು ಮಾತು? ಊಹೂಂ. ಪಾರ್ಕಿನ ಬೆಂಚಿನಲ್ಲಿ ಇಪ್ಪತ್ತು ಅನ್ನುವುದೂ ನಿಲ್ಲಲಿಲ್ಲ. ಅತ್ತೆಯ ಆ ದೊಡ್ಡ ನಗು ಮಾತ್ರ ಎಲ್ಲೋ ಹೋಯಿತು. ನಾನು ಆ ಮನೆಯಲ್ಲಿ ಬಾಯಿ ಮಾಡುವುದನ್ನು ಕಲಿತೆ, ಆದರೆ ಕಲಿತು ಏನು ಬಂತು...

ಹೀಗೇ ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿ ಊರೆಲ್ಲ ಹೊಸ ಹೊಸ ಕಾರುಗಳು ಬಂದವು, ನಮ್ಮ ಮನೆಯ ಮುಂದೆ ಅದೇ ಬಿಳಿ ಕಾರು. ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯ ಬಾಗಿಲು ಹಿಡಿದು ನಿಂತರು, ಎದೆ ಒತ್ತಿಕೊಂಡು, ಹಣೆಯ ಮೇಲೆಲ್ಲ ಬೆವರು. ನಮ್ಮ ಮನೆಯವರು ಟೂರಿನಲ್ಲಿದ್ದರು. ಮಾವ ಪಂಚೆಯಲ್ಲೇ ಓಡಿ ಹೋಗಿ ಕಾರು ಹೊರಗೆ ತೆಗೆದರು. ಬಾಗಿಲಿಗೆ ಅಡ್ಡ ತಂದು ನಿಲ್ಲಿಸಿದರು. ನಾನು ಅತ್ತೆಯನ್ನು ತೋಳು ಹಿಡಿದು ಗೇಟಿನ ತನಕ ಕರೆತಂದೆ. ಅಲ್ಲಿ ಅವರು ನಿಂತುಬಿಟ್ಟರು.

"ಹತ್ತು ಕಣೇ," ಅಂದರು ಮಾವ.

ಅತ್ತೆ ನನ್ನ ಕಡೆ ತಿರುಗಿದರು. "ಆಟೋ ಕರಿಯಮ್ಮ."

"ಎಷ್ಟು ಬೇಕಾದ್ರೂ ಜೋರಾಗಿ ಬುಡ್ತೀನಿ ಕಣೇ. ಎಂಬತ್ತಕ್ಕೆ ಬುಡ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ಹತ್ತೇ." ಎದುರುಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಆ ಮನುಷ್ಯ ಕಾರಿನ ಬಾಗಿಲು ಹಿಡಿದು ಮಕ್ಕಳ ಹಾಗೆ ಅಳುತ್ತಿದ್ದರು.

ಅತ್ತೆ ಗೇಟು ಹಿಡಿದು ನಿಂತೇ ಇದ್ದರು. ನಾನು ಮೂಲೆಗೆ ಓಡಿ ಆಟೋ ತಂದೆ. ಬಲವಂತವಾಗಿ ಕಾರಿಗೆ ಹತ್ತಿಸಬೇಕಿತ್ತು ಅಂತ ನಮ್ಮ ಮನೆಯವರೂ ನಾದಿನಿಯರೂ ಆಮೇಲೆ ಬೇಕಾದಷ್ಟು ಅಂದರು. ಅನ್ನಲಿ. ಆಕೆ ಜೀವಮಾನದಲ್ಲಿ ಹಿಡಿದ ಒಂದೇ ಒಂದು ಹಠ ಅದು, ಅದನ್ನು ಮುರಿಯುವುದಕ್ಕೆ ನಾನು ಯಾರು? ಆಟೋ ಹೊರಟಿತು. ಹಿಂದೆ ಮಾವನವರ ಕಾರು ಹಾರ್ನ್ ಹೊಡೆಯುತ್ತಾ, ಗೇರು ಬದಲಿಸದೆ ಗರ್ರೋ ಅನ್ನುತ್ತಾ, ಎಲ್ಲರನ್ನೂ ದಾಟಿಕೊಂಡು ಬಂತು. ನಮಗಿಂತ ಮೊದಲೇ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಗಾಲಿ ಕುರ್ಚಿ ಹಿಡಿದು ನಿಂತಿದ್ದರು. ಅತ್ತೆ ಅದರಲ್ಲಿ ಕೂತರು. ಕುರ್ಚಿಯ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ.

ಒಂದೆರಡು ದಿನವಷ್ಟೇ ಇದ್ದರು. ಆಟೋ ಆದರೂ ಕಾರಾದರೂ ಅಷ್ಟೇ ಆಗುತ್ತಿತ್ತು ಅಂದರು ಡಾಕ್ಟರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ನಡುಮನೆಯಲ್ಲಿ ಕೂತಿದ್ದೆ. ಮಾವ ಬಂದು ಎದುರಿಗೆ ನೆಲದ ಮೇಲೆ ಕೂತರು. ಎಂದೂ ಹಾಗೆ ಕೂರುತ್ತಿರಲಿಲ್ಲ. ಉದುರಿದ ಸಿಪ್ಪೆಯನ್ನು ಒಂದು ಕಡೆ ಸರಿಸುತ್ತಾ ಕೇಳಿದರು.

"ಅವತ್ತು... ನಂಜನಗೂಡಿಗೆ ಸ್ವಲ್ಪ ಜೋರಾಗಿ ಬುಟ್ಟಿದ್ರೆ ಅವಳಕ್ಕ ಸಿಗ್ತಿದ್ರಾ ಕಣಮ್ಮ?"

ಎಪ್ಪತ್ತರ ಹತ್ತಿರದ ಮುದುಕ, ಹೆಂಡತಿ ಹೋದವನು. ಇಲ್ಲ ಮಾವ, ಆಗಲೇ ಹೋಗಿಬಿಟ್ಟಿದ್ದರಂತೆ, ನೀವೇನು ಮಾಡೋಕಾಗುತ್ತಿತ್ತು ಅನ್ನಬಹುದಿತ್ತು. ಅಂದಿದ್ದರೆ ಅವರು ನೆಮ್ಮದಿಯಾಗಿ ಎದ್ದು ಹೋಗುತ್ತಿದ್ದರು. ಆದರೆ ದೊಡ್ಡತ್ತೆಯ ಕೆನ್ನೆಯ ಮೇಲೆ ಹರಿದ ನೀರನ್ನು ಒರೆಸಿ ಒರೆಸಿ ಮತ್ತೆ ಬಿಡುತ್ತಿದ್ದ ಅತ್ತೆಯ ಕೈಯನ್ನು ಮನೆಮಂದಿಯಲ್ಲಿ ನೋಡಿದ್ದವಳು ನಾನೊಬ್ಬಳೇ ಅಲ್ಲವೇ.

"ಸಿಗ್ತಿದ್ರು ಮಾವ," ಅಂದೆ.

ಅವರು ತಲೆ ಆಡಿಸಿದರು. ಅಲ್ಲೇ ಕೂತು, ನನ್ನ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದರು. ಆಮೇಲೆ ಅವರು ಕಾರು ಓಡಿಸಿದ್ದನ್ನು ನಾನು ನೋಡಲಿಲ್ಲ. ಮೂರು ಮಳೆಗಾಲ ಕಳೆದು ಅವರೂ ಹೋದರು.

ಈಗ ಇಬ್ಬರೂ ಇಲ್ಲ. ನಮ್ಮ ಮನೆಯವರು ಅಪ್ಪನ ಮೈಲೇಜಿನ ಕತೆಯನ್ನು ನೆಂಟರಿಗೆಲ್ಲ ಹೇಳಿ ನಗಿಸುತ್ತಾರೆ, ಬೆಟ್ಟದ ಪಾದದಲ್ಲಿ ಇಳಿಸುತ್ತಿದ್ದದ್ದು, ಬರಿಗಾಲು, ಎಲ್ಲವನ್ನೂ. ನಂಜನಗೂಡಿನದನ್ನು ಮಾತ್ರ ಹೇಳುವುದಿಲ್ಲ. ಅವರು ಹೇಳಿ ಮುಗಿಸಿದಾಗ ಎಲ್ಲರೂ ನನ್ನ ಕಡೆ ನೋಡುತ್ತಾರೆ, ಸೊಸೆಯೂ ನಗಲಿ ಅಂತ. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ಮಾವನವರ ಮೇಲೆ ನನಗೆ ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಅತ್ತೆಯ ಪರವಾಗಿ ಸಿಟ್ಟು ಇಟ್ಟುಕೊಳ್ಳಲು ಈ ಮನೆಯಲ್ಲಿ ಇನ್ನು ಯಾರಿದ್ದಾರೆ?